ಹಿತ್ತಲಲ್ಲಿ ಸಾಯುತ್ತಿರುವುದು ಇಲಿಗಳಲ್ಲ: ಪಾಷಾಣ ಇಡುವ ಮುನ್ನ

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಮೆಲ್ಬರ್ನ್‌ನ ಪೂರ್ವಕ್ಕೆ, ಡ್ಯಾಂಡಿನಾಂಗ್ ಬೆಟ್ಟಸಾಲಿನ ತಪ್ಪಲಲ್ಲಿ, ಕಾಡಿಗೆ ಅಂಟಿಕೊಂಡಂತಿರುವ ಮನೆಗೆ ಕಳೆದ ವರ್ಷ ಬಂದೆವು. ಈ ಆಗಸ್ಟ್‌ನಲ್ಲಿ ಹಿತ್ತಲ ತುಂಬ ಇಲಿಯಂಥ ಸಣ್ಣ ಪ್ರಾಣಿಗಳು ಒಂದರ ಹಿಂದೊಂದು ಸತ್ತು ಬೀಳುತ್ತಿವೆ. ಒಂದು ಹಾಡಹಗಲೇ ಅಡುಗೆಮನೆಯ ಬಾಗಿಲ ಬಳಿ ತೂರಾಡುತ್ತಿತ್ತು. ರೋಮ ಉದುರಿ, ಸೊಂಟದ ಹತ್ತಿರ ಹುಣ್ಣಾಗಿತ್ತು. ರಾತ್ರಿ ಛಾವಣಿಯೊಳಗೆ ಓಡಾಟದ ಸದ್ದು ಬೇರೆ. ನಮ್ಮ ಮನೆಯವರು ಇಲಿಪಾಷಾಣದ ಪೆಟ್ಟಿಗೆಗಳನ್ನು ತಂದಿಟ್ಟಿದ್ದಾರೆ. ಪಕ್ಕದ ಮನೆಯವರು ‘ಇವು ಇಲಿಗಳಲ್ಲ, ಇಲ್ಲಿಯ ಮೂಲ ಪ್ರಾಣಿಗಳು, ವಿಷ ಹಾಕಬೇಡಿ’ ಎನ್ನುತ್ತಾರೆ. ಗಂಡುಗಳು ಕೂಡಿ ಕೂಡಿಯೇ ಸಾಯುತ್ತವೆ, ಅದೊಂದು ಆತ್ಮಹತ್ಯೆ ಎಂದು ಮಗಳು ಎಲ್ಲೋ ಕೇಳಿ ಬಂದಿದ್ದಾಳೆ. ಒಂದನ್ನಾದರೂ ಉಳಿಸಬೇಕೆಂದು ಹಟ ಹಿಡಿದಿದ್ದಾಳೆ. ನನಗೆ ಇಲಿಜ್ವರದ ಭಯ. ಇದು ರೋಗವೇ? ಹಿಡಿದು ಕಾಡಿಗೆ ಬಿಟ್ಟರೆ ಆಗದೇ? ಮನೆಯಲ್ಲಿ ಬೆಕ್ಕೂ ಇದೆ. ಎರಡು ಚಿತ್ರ ಕಳಿಸಿದ್ದೇನೆ.

ಉತ್ತರ: ಪಾಷಾಣದ ಪೆಟ್ಟಿಗೆಗಳನ್ನು ಇಂದೇ ಎತ್ತಿಡಿ, ಉಳಿದುದನ್ನು ನಿಧಾನವಾಗಿ ಮಾತನಾಡೋಣ. ವನ್ಯಜೀವಿಗಳ ಪಶುವೈದ್ಯನಾದ ನನಗೆ ಪ್ರತಿವರ್ಷ ಚಳಿಗಾಲದ ಕೊನೆಯಲ್ಲಿ ಇಂಥ ಪತ್ರಗಳು ಬರುತ್ತವೆ. ಬರೆದವರೆಲ್ಲರ ಗಮನ ಸಹಜವಾಗಿಯೇ ಸತ್ತ ಗಂಡುಗಳ ಮೇಲಿರುತ್ತದೆ. ಆದರೆ ನೀವು ಮಾಡುವುದೇನಾದರೂ ಇದ್ದರೆ ಅದು ಮುಟ್ಟುವುದು ಕಣ್ಣಿಗೆ ಬೀಳದೆ ಬದುಕಿರುವ ಹೆಣ್ಣುಗಳನ್ನು, ಹೆಚ್ಚಿನಂಶ ನಿಮ್ಮದೇ ಛಾವಣಿಯೊಳಗೆ ಇರುವವನ್ನು.

ನಿಮ್ಮ ನೆರೆಯವರ ಮಾತು ಸರಿ. ನೀವು ಕಳಿಸಿದ ಎರಡನೆಯ ಚಿತ್ರದಲ್ಲಿ ಪ್ರಾಣಿಯ ಬಾಯಿ ಅರೆತೆರೆದಿದೆ. ಇಲಿಯಾಗಿದ್ದರೆ ಮುಂದೆ ಮೇಲೆರಡು, ಕೆಳಗೆರಡು ಉದ್ದನೆಯ ಉಳಿಹಲ್ಲುಗಳೂ ಅವುಗಳ ಹಿಂದೆ ಖಾಲಿ ಒಸಡೂ ಕಾಣಬೇಕಿತ್ತು. ಇಲ್ಲಿ ಮುಂದಿನಿಂದ ಹಿಂದಿನವರೆಗೆ ಸೂಜಿಮೊನೆಯ ಸಣ್ಣ ಹಲ್ಲುಗಳ ಸಾಲು ಇದೆ. ಕಿವಿಯ ಅಂಚಿನಲ್ಲಿ ಕಚ್ಚು ಇದೆ, ಮೂತಿ ಚೂಪಾಗಿದೆ, ಮುಂಗಾಲಿನಲ್ಲಿ ಇಲಿಗಿರುವಂತೆ ನಾಲ್ಕಲ್ಲ, ಐದು ಬೆರಳುಗಳಿವೆ, ಹಿಂಗಾಲಿನ ಒಳಬದಿಯ ಬೆರಳು ಗಿಡ್ಡವಾಗಿದ್ದು ಅದಕ್ಕೆ ಉಗುರಿಲ್ಲ. ಇದು ಆಂಟೆಕೈನಸ್. ಕಾಂಗರೂಗಳಂತೆ ಚೀಲದಲ್ಲಿ ಮರಿ ಬೆಳೆಸುವ ಪ್ರಾಣಿಗಳ ಗುಂಪಿಗೆ ಸೇರಿದ್ದು, ಆದರೆ ಮಾಂಸಾಹಾರಿ. ಜೇಡ, ಜಿರಲೆ, ಜೀರುಂಡೆ, ಸಿಕ್ಕರೆ ಸಣ್ಣ ಹಲ್ಲಿಗಳನ್ನು ತಿಂದು ಬದುಕುತ್ತದೆ. ನಿಮ್ಮ ಬೆಟ್ಟಗಳಲ್ಲಿ ಹೆಚ್ಚಾಗಿರುವುದು ಅಜೈಲ್ ಆಂಟೆಕೈನಸ್ ಎಂಬ ಪ್ರಭೇದ. 1998ರಲ್ಲಿ ಪ್ರತ್ಯೇಕವೆಂದು ಗುರುತಿಸುವವರೆಗೆ ಇದನ್ನು ಕಂದು ಆಂಟೆಕೈನಸ್‌ನ ಜೊತೆಗೇ ಎಣಿಸುತ್ತಿದ್ದರು. ಗಂಡಿನ ತೂಕ ಹೆಚ್ಚೆಂದರೆ 40 ಗ್ರಾಂ ಆಸುಪಾಸು, ಹೆಣ್ಣು ಇನ್ನೂ ಹಗುರ. ಮಲೆನಾಡಿನ ಮನೆಗಳಲ್ಲಿ ಸೊಂಡಿಲಿಯನ್ನು ನೋಡಿದ ನಿಮಗೆ ಈ ಚೂಪು ಮೂತಿ ಪರಿಚಿತವೆನಿಸಿದ್ದರೆ ಆಶ್ಚರ್ಯವಿಲ್ಲ. ಎರಡೂ ಇಲಿಗಳಲ್ಲ, ಎರಡೂ ಹುಳುಹುಪ್ಪಟೆಗಳನ್ನು ತಿನ್ನುವಂಥವು, ಎರಡನ್ನೂ ಜನ ಇಲಿಯೆಂದೇ ಹೊಡೆಯುತ್ತಾರೆ. ಆದರೆ ಅವೆರಡರ ನಡುವೆ ಯಾವ ಹತ್ತಿರದ ಸಂಬಂಧವೂ ಇಲ್ಲ.

ಈಗ ಸಾವಿನ ವಿಷಯ. ಇದು ಒಂದರಿಂದ ಇನ್ನೊಂದಕ್ಕೆ ಅಂಟಿದ ಸಾಂಕ್ರಾಮಿಕವಲ್ಲ, ನೆರೆಮನೆಯ ವಿಷದ ಫಲವೂ ಆಗಿರಬೇಕಿಲ್ಲ. ಆಂಟೆಕೈನಸ್‌ನ ಗಂಡುಗಳು ಹುಟ್ಟಿ ಸುಮಾರು ಹನ್ನೊಂದೂವರೆ ತಿಂಗಳಿಗೆ, ತಮ್ಮ ಮೊದಲ ಮತ್ತು ಕೊನೆಯ ಬೆದೆಗಾಲ ಮುಗಿಯುತ್ತಿದ್ದಂತೆ, ಒಂದೂ ಉಳಿಯದಂತೆ ಸಾಯುತ್ತವೆ. ಪೆಟ್ರೀಶಿಯಾ ವೂಲಿ ಎಂಬ ಪ್ರಾಣಿಶಾಸ್ತ್ರಜ್ಞೆ 1966ರಲ್ಲಿ ಇದನ್ನು ವ್ಯವಸ್ಥಿತವಾಗಿ ದಾಖಲಿಸಿದರು. ಮುಂದಿನ ಎರಡು ದಶಕಗಳಲ್ಲಿ ಆಸ್ಟ್ರೇಲಿಯಾದ ಶರೀರಶಾಸ್ತ್ರಜ್ಞರು ಇದರ ಒಳಗುಟ್ಟನ್ನು ಬಿಡಿಸಿದರು. ದೇಹಕ್ಕೆ ಒತ್ತಡ ಬಿದ್ದಾಗ ಕಾರ್ಟಿಸೋಲ್ ಎಂಬ ಹಾರ್ಮೋನು ಏರುವುದು ನಮಗೂ ಇದ್ದದ್ದೇ. ಆದರೆ ನಮ್ಮ ರಕ್ತದಲ್ಲಿ ಅದರ ಬಹುಪಾಲನ್ನು ಹಿಡಿದಿಟ್ಟುಕೊಳ್ಳುವ ಒಂದು ಪ್ರೋಟೀನ್ ಇರುತ್ತದೆ, ಮಟ್ಟ ಮಿತಿ ಮೀರಿದಾಗ ಮಿದುಳು ತಯಾರಿಕೆಯನ್ನೇ ತಗ್ಗಿಸುತ್ತದೆ. ಬೆದೆಗೆ ಬಂದ ಆಂಟೆಕೈನಸ್ ಗಂಡಿನಲ್ಲಿ ಟೆಸ್ಟೋಸ್ಟೆರೋನ್ ಉಕ್ಕಿದಾಗ ಆ ಪ್ರೋಟೀನ್ ಇಳಿಯುತ್ತದೆ, ತಗ್ಗಿಸುವ ವ್ಯವಸ್ಥೆಯೂ ಕೈಕೊಡುತ್ತದೆ. ಕಡಿವಾಣವಿಲ್ಲದ ಕಾರ್ಟಿಸೋಲ್ ಸ್ನಾಯುಗಳ ಪ್ರೋಟೀನನ್ನು ಕರಗಿಸಿ ಸಕ್ಕರೆಯಾಗಿಸುತ್ತದೆ. ಹಾಗಾಗಿಯೇ ಗಂಡು ಸರಿಯಾಗಿ ಬೇಟೆಯಾಡದೆಯೂ ಎರಡು ಮೂರು ವಾರ ಹೆಣ್ಣುಗಳನ್ನು ಹುಡುಕಿಕೊಂಡು ಅಲೆಯಬಲ್ಲದು. ಒಂದೊಂದು ಕೂಟ ಹನ್ನೆರಡು ಗಂಟೆಗೂ ಮೀರಿ ನಡೆಯಬಹುದು. ಲಾ ಟ್ರೋಬ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದಂತೆ, ಇದೇ ಕುಲದ ಇನ್ನೊಂದು ಪ್ರಭೇದದ ಗಂಡುಗಳು ಈ ಅವಧಿಯಲ್ಲಿ ದಿನಕ್ಕೆ ಸರಾಸರಿ ಮೂರು ಗಂಟೆಯಷ್ಟು ನಿದ್ರೆಯನ್ನೂ ಬಿಟ್ಟುಬಿಡುತ್ತವೆ.

ಇದರ ಬೆಲೆ ಒಳಗೆ ಬೀಳುತ್ತದೆ. ಇಂಥ ಗಂಡುಗಳ ಶವಪರೀಕ್ಷೆ ಮಾಡಿದಾಗ ನನಗೆ ಕಾಣುವುದು ಹೆಚ್ಚು ಕಡಿಮೆ ಒಂದೇ ಚಿತ್ರ: ಜಠರದಲ್ಲಿ ಆಹಾರದ ಬದಲು ಕಾಫಿ ಗಸಿಯ ಬಣ್ಣದ ರಕ್ತ, ಒಳಪೊರೆಯ ತುಂಬ ಚುಕ್ಕೆಚುಕ್ಕೆಯಾದ ಹುಣ್ಣುಗಳು, ಬಿಳಿಚಿದ ಪಿತ್ತಜನಕಾಂಗ, ಚರ್ಮದ ಕೆಳಗೆ ಹೆಸರಿಗೂ ಕೊಬ್ಬಿಲ್ಲ. ರೋಗನಿರೋಧಕ ಶಕ್ತಿ ಕುಸಿದಿರುವುದರಿಂದ, ಇಡೀ ವರ್ಷ ತೊಂದರೆ ಕೊಡದೆ ಇದ್ದ ಪರಾವಲಂಬಿಗಳೂ ಬ್ಯಾಕ್ಟೀರಿಯಾಗಳೂ ಒಮ್ಮೆಗೇ ಮೇಲೆದ್ದಿರುತ್ತವೆ. ನೀವು ಕಂಡ ಉದುರಿದ ರೋಮ, ಮಾಯದ ಗಾಯ, ಹಗಲಿನ ತೂರಾಟ ಎಲ್ಲವೂ ಇದೇ ಕುಸಿತದ ಹೊರಮುಖ. ಹಾಗಾಗಿ ‘ರೋಗವೇ?’ ಎಂಬ ಪ್ರಶ್ನೆಗೆ ನೇರ ಉತ್ತರ: ಸಾಯುವ ಹೊತ್ತಿಗೆ ಅವಕ್ಕೆ ಹಲವು ರೋಗಗಳು ಇರುತ್ತವೆ, ಆದರೆ ಮೂಲ ಕಾರಣ ರೋಗವಲ್ಲ.

‘ಆತ್ಮಹತ್ಯೆ’ ಎಂಬುದನ್ನು ಮಗಳಿಗೆ ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಯಾವ ಪ್ರಾಣಿಯೂ ಇಲ್ಲಿ ಸಾಯಲೆಂದು ತೀರ್ಮಾನಿಸಿಲ್ಲ. ಗಂಡುಗಳು ಮರಿಗಳಿಗೆ ಆಹಾರ ಉಳಿಯಲಿ ಎಂದು ಜಾಗ ಬಿಡುತ್ತವೆ ಎಂಬ ವಿವರಣೆಯೂ ಬಹಳ ಕಾಲ ಚಾಲ್ತಿಯಲ್ಲಿತ್ತು, ಈಗಲೂ ಅಲ್ಲಲ್ಲಿ ಕೇಳಿಬರುತ್ತದೆ. ಕೇಳಲು ಹಿತವಾಗಿದೆ, ಆದರೆ ನಿಲ್ಲುವುದಿಲ್ಲ. ಎಲ್ಲರೂ ಸತ್ತು ಒಂದು ಗಂಡು ಮಾತ್ರ ಬದುಕುಳಿದು ಮುಂದಿನ ವರ್ಷವೂ ಕೂಡಿದರೆ ಅದರ ಸಂತತಿಯೇ ಹೆಚ್ಚಬೇಕಲ್ಲವೇ? ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಡಯಾನಾ ಫಿಶರ್ ಮತ್ತು ಸಂಗಡಿಗರು 2013ರಲ್ಲಿ ಕೊಟ್ಟ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ವರ್ಷಕ್ಕೊಮ್ಮೆ, ನಿರ್ದಿಷ್ಟ ಕಾಲಕ್ಕೆ ಕೀಟಗಳು ಹೇರಳವಾಗುವ ಕಾಡುಗಳಲ್ಲಿ, ಮರಿಗಳು ಹಾಲು ಬಿಡುವ ಹೊತ್ತು ಆ ಸಮೃದ್ಧಿಯೊಂದಿಗೆ ಕೂಡಿಬರುವಂತೆ ಹೆಣ್ಣುಗಳೆಲ್ಲ ಒಂದೇ ಸಮಯಕ್ಕೆ ಬೆದೆಗೆ ಬರುತ್ತವೆ. ಹಗಲು ಉದ್ದವಾಗುತ್ತ ಹೋಗುವ ವೇಗವೇ ಅವಕ್ಕೆ ಸೂಚನೆ. ಒಂದೊಂದು ಹೆಣ್ಣೂ ಹಲವು ಗಂಡುಗಳೊಂದಿಗೆ ಕೂಡಿ, ವೀರ್ಯಾಣುಗಳನ್ನು ದಿನಗಟ್ಟಲೆ ಒಳಗೇ ಕಾದಿರಿಸಿಕೊಳ್ಳುತ್ತದೆ. ಇಂಥ ಪೈಪೋಟಿಯಲ್ಲಿ, ಆ ಎರಡು ಮೂರು ವಾರಗಳಿಗೆ ಸರ್ವಸ್ವವನ್ನೂ ಸುರಿದ ಗಂಡಿಗೆ ಹೆಚ್ಚು ಮರಿಗಳಾಗುತ್ತವೆ. ಮುಂದಿನ ವರ್ಷಕ್ಕೆಂದು ಶಕ್ತಿ ಉಳಿಸಿಕೊಂಡದ್ದು ಸೋಲುತ್ತದೆ. ಅಷ್ಟು ಸಣ್ಣ ಪ್ರಾಣಿ ಮುಂದಿನ ವರ್ಷ ಕಾಣುವ ಸಾಧ್ಯತೆ ಹೇಗೂ ಕಡಿಮೆಯೇ.

ಒಂದನ್ನಾದರೂ ಉಳಿಸಬಹುದೇ ಎಂಬ ಮಗಳ ಪ್ರಶ್ನೆಗೆ ಉತ್ತರ ಕಹಿಯಾದರೂ ಹೇಳಬೇಕು. ಬೆದೆಗಾಲಕ್ಕೆ ಮುಂಚೆಯೇ ಹಿಡಿದು ಪ್ರತ್ಯೇಕವಾಗಿಟ್ಟ ಗಂಡುಗಳು ಬಂಧನದಲ್ಲಿ ಆ ಕಾಲವನ್ನು ದಾಟಿ ಬದುಕಿದ್ದುಂಟು. ಆದರೆ ಅವುಗಳ ವೃಷಣಗಳು ಮತ್ತೆ ವೀರ್ಯಾಣು ತಯಾರಿಸುವುದಿಲ್ಲ. ಬೆದೆ ಶುರುವಾಗುವ ಮೊದಲೇ ಆ ಕಾರ್ಯ ನಿಂತು, ಗಂಡು ಕೂಡಿಟ್ಟ ದಾಸ್ತಾನಿನಲ್ಲೇ ಕೂಡುತ್ತದೆ. ಅಡುಗೆಮನೆಯ ಬಾಗಿಲಿಗೆ ತೂರಾಡುತ್ತ ಬಂದದ್ದಂತೂ ಆ ಹಂತವನ್ನು ದಾಟಿತ್ತು. ಅಂಥದ್ದನ್ನು ನನ್ನ ಮೇಜಿಗೆ ತಂದರೆ ನಾನು ಮಾಡುವುದು ನೋವಿಲ್ಲದ ಸಾವು ಕೊಡುವುದಷ್ಟೇ. ಮನೆಯಲ್ಲಿಟ್ಟು ಹಾಲು, ಅನ್ನ ಕೊಡುವುದರಿಂದ ಸಂಕಟ ಲಂಬಿಸುತ್ತದೆ. ಅಪ್ಪಣೆಯಿಲ್ಲದೆ ಇಟ್ಟುಕೊಳ್ಳುವುದು ಇಲ್ಲಿ ಅಪರಾಧವೂ ಹೌದು.

ಆದರೆ ಅವಳು ನಿಜಕ್ಕೂ ಉಳಿಸಬಹುದಾದದ್ದು ಇದೆ. ಈ ಪತ್ರ ಓದುವ ಹೊತ್ತಿಗೆ ನಿಮ್ಮ ಸುತ್ತಲಿನ ಕಾಡಿನಲ್ಲಿ ಬದುಕಿರುವ ವಯಸ್ಕ ಆಂಟೆಕೈನಸ್‌ಗಳೆಲ್ಲ ಬಹುಮಟ್ಟಿಗೆ ಬಸುರಿ ಹೆಣ್ಣುಗಳು. ಮುಂದಿನ ವರ್ಷದ ಗಂಡುಗಳು ಸದ್ಯಕ್ಕೆ ಎಲ್ಲೂ ಇಲ್ಲ, ಅವುಗಳ ಹೊಟ್ಟೆಯೊಳಗಿನ ಹೊರತು. ಸುಮಾರು ನಾಲ್ಕು ವಾರಗಳ ಬಸಿರಿನ ಬಳಿಕ ಸೆಪ್ಟೆಂಬರ್‌ನಲ್ಲಿ ಅಕ್ಕಿಕಾಳಿಗಿಂತ ದೊಡ್ಡದಲ್ಲದ ಮರಿಗಳು ಹುಟ್ಟಿ ಮೊಲೆ ಕಚ್ಚಿಕೊಳ್ಳುತ್ತವೆ. ಮೊಲೆಗಳು ಆರರಿಂದ ಹತ್ತು. ಹುಟ್ಟುವ ಮರಿಗಳು ಅದಕ್ಕಿಂತ ಹೆಚ್ಚಿರುವುದುಂಟು, ಮೊಲೆ ಸಿಗದವು ಆಗಲೇ ಮುಗಿಯುತ್ತವೆ. ಚೀಲವೆಂದರೆ ಕಾಂಗರೂವಿನಂತೆ ಆಳವಾದದ್ದಲ್ಲ, ಹೊಟ್ಟೆಯಡಿಯ ಒಂದು ತಗ್ಗು ಮಡಿಕೆ. ನಾಲ್ಕಾರು ವಾರಗಳಾಗುವಷ್ಟರಲ್ಲಿ ಮರಿಗಳು ಹೊರಗೆ ಜೋತು ನೆಲ ಮುಟ್ಟುವಂತಾದಾಗ ತಾಯಿ ಅವನ್ನು ಗೂಡಿನಲ್ಲಿ ಬಿಟ್ಟು ಬೇಟೆಗೆ ಹೋಗಿಬರುತ್ತದೆ. ಹಾಲು ಬಿಡುವುದು ಡಿಸೆಂಬರ್ ಕೊನೆಗೆ ಅಥವಾ ಜನವರಿಯಲ್ಲಿ. ಆಮೇಲೆ ಗಂಡುಮರಿಗಳು ಹುಟ್ಟಿದ ಜಾಗ ಬಿಟ್ಟು ದೂರ ಹೋಗುತ್ತವೆ, ಹೆಣ್ಣುಮರಿಗಳು ತಾಯಿಯ ಸುತ್ತಮುತ್ತಲೇ ಉಳಿಯುತ್ತವೆ. ತಾಯಂದಿರಲ್ಲಿ ಎರಡನೆಯ ವರ್ಷ ಮರಿಹಾಕಲು ಉಳಿಯುವವು ಕಡಿಮೆ. ಅಂದರೆ ಈ ನಾಲ್ಕೈದು ತಿಂಗಳು ಒಂದು ಹೆಣ್ಣು ಸತ್ತರೆ ಇಡೀ ಸೂಲು ಹೋಯಿತು, ಆ ಜಾಗದಲ್ಲಿ ಅದನ್ನು ತುಂಬಿಕೊಡುವ ಹಳೆಯ ಪೀಳಿಗೆಯೂ ಇಲ್ಲ. ಇಲಿಗಳಾದರೋ ವರ್ಷಕ್ಕೆ ಹಲವು ಸೂಲು ಹಾಕಿ ಕೊರತೆ ತುಂಬಿಕೊಳ್ಳುತ್ತವೆ. ಒಂದೇ ಪಾಷಾಣ ಎರಡಕ್ಕೂ ಬಿದ್ದಾಗ ಆರು ತಿಂಗಳ ನಂತರ ಉಳಿದಿರುವುದು ಇಲಿಯೇ.

ಪಾಷಾಣದ ಬಗ್ಗೆ ಅಂಗಡಿಯಲ್ಲಿ ಹೇಳುವುದು, ಪೆಟ್ಟಿಗೆಯೊಳಗಿದ್ದರೆ ಸುರಕ್ಷಿತ ಎಂದು. ಮಕ್ಕಳಿಗೂ ನಾಯಿಗೂ ಅದು ಬಹುಪಾಲು ನಿಜ. ಆಂಟೆಕೈನಸ್ ವಿಷಯದಲ್ಲಿ ನಿಜವಲ್ಲ. ಇಲಿ ನುಗ್ಗುವ ಕಿಂಡಿಯಲ್ಲಿ ಅದು ಸಲೀಸಾಗಿ ನುಗ್ಗುತ್ತದೆ. ಜೊತೆಗೆ ಜಿರಲೆ, ಇರುವೆಗಳೂ ಆ ವಿಷವನ್ನು ತಿನ್ನುತ್ತವೆ, ಆದರೆ ಅದು ಕೆಲಸ ಮಾಡುವುದು ರಕ್ತ ಹೆಪ್ಪುಗಟ್ಟುವುದನ್ನು ತಡೆದಾದ್ದರಿಂದ ಕೀಟಗಳು ಸಾಯದೆ ಓಡಾಡಿಕೊಂಡಿರುತ್ತವೆ, ಆಂಟೆಕೈನಸ್ ಅವನ್ನು ಹಿಡಿದು ತಿನ್ನುತ್ತದೆ. ಪೆಟ್ಟಿಗೆಯ ಮೇಲೆ ಬ್ರೋಡಿಫಾಕಮ್, ಬ್ರೋಮಡಿಯೋಲೋನ್ ಎಂಬ ಹೆಸರುಗಳಿದ್ದರೆ ಅವು ಎರಡನೆಯ ತಲೆಮಾರಿನ ವಿಷಗಳು. ತಿಂದ ಪ್ರಾಣಿ ಕೆಲವು ದಿನ ಬದುಕಿದ್ದು, ನಿಧಾನವಾಗಿ ಒಳರಕ್ತಸ್ರಾವದಿಂದ ಸಾಯುತ್ತದೆ. ವಿಷ ಪಿತ್ತಜನಕಾಂಗದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದನ್ನು ಹಿಡಿದ ಗೂಬೆಗೂ ಅದು ದಾಟುತ್ತದೆ. ನಿಮ್ಮ ಬೆಟ್ಟಗಳಲ್ಲಿರುವ ಬೂಬುಕ್ ಗೂಬೆ, ದೊಡ್ಡ ಪವರ್‌ಫುಲ್ ಗೂಬೆಗಳಂಥ ಹಕ್ಕಿಗಳ ದೇಹದಲ್ಲಿ ಈ ವಿಷಗಳು ಮತ್ತೆ ಮತ್ತೆ ಪತ್ತೆಯಾಗಿವೆ. ವಸಂತದಲ್ಲಿ ಇಂಥದ್ದೊಂದು ಪೆಟ್ಟಿಗೆಯ ಪಕ್ಕದಲ್ಲಿ ಸಿಕ್ಕ ಹೆಣ್ಣೊಂದನ್ನು ತಂದುಕೊಟ್ಟಿದ್ದರು. ಹೊಟ್ಟೆಯಡಿಯ ಮಡಿಕೆ ಬಿಡಿಸಿದರೆ ಒಂದು ಮೊಲೆಯೂ ಖಾಲಿ ಇರಲಿಲ್ಲ, ಎರಡು ಮರಿಗಳಲ್ಲಿ ಇನ್ನೂ ಅಲುಗಾಟವಿತ್ತು. ಆ ವಯಸ್ಸಿನ ಮರಿಯನ್ನು ಯಾವ ಸಾಧನದಿಂದಲೂ ಸಾಕಲಾಗದು.

ಹಾಗಾದರೆ ಛಾವಣಿಯ ಸದ್ದಿಗೆ ಏನು ಮಾಡುವುದು? ನನ್ನ ಸಲಹೆ, ಜನವರಿಯವರೆಗೆ ಸಹಿಸಿಕೊಳ್ಳಿ. ಗಂಡುಗಳು ಸತ್ತ ಮೇಲೆ ಗದ್ದಲ ತಾನಾಗಿಯೇ ಅರ್ಧಕ್ಕಿಳಿಯುತ್ತದೆ. ಆಂಟೆಕೈನಸ್ ಇಲಿಯಂತೆ ವಿದ್ಯುತ್ ತಂತಿ ಕಡಿಯುವ ಪ್ರಾಣಿಯಲ್ಲ, ಅದಕ್ಕೆ ಆ ಹಲ್ಲೇ ಇಲ್ಲ. ಹಿಕ್ಕೆಯ ಘಾಟು ವಾಸನೆ, ಗೂಡಿಗೆಂದು ಕಿತ್ತ ಒಂದಿಷ್ಟು ಶಾಖನಿರೋಧಕ ಹಾಸು, ಇಷ್ಟೇ ನಷ್ಟ. ಹಾಗೆಂದು ಅಲ್ಲಿ ನಿಜವಾದ ಇಲಿಗಳೂ ಇರಬಾರದೆಂದಿಲ್ಲ, ಎರಡೂ ಒಂದೇ ಛಾವಣಿಯಲ್ಲಿರುವುದನ್ನು ನೋಡಿದ್ದೇನೆ. ಚಲನೆ ಗ್ರಹಿಸುವ ಅಗ್ಗದ ಕ್ಯಾಮೆರಾವನ್ನು ಕೆಲವು ರಾತ್ರಿ ಇಟ್ಟರೆ ಗೊತ್ತಾಗುತ್ತದೆ. ಇಲಿ ಇರುವುದು ಖಚಿತವಾದರೆ ಜೀವಂತ ಹಿಡಿಯುವ ಬೋನು ಇಟ್ಟು, ಪ್ರತಿ ಬೆಳಗ್ಗೆ ತಪ್ಪದೆ ನೋಡಿ, ಆಂಟೆಕೈನಸ್ ಸಿಕ್ಕಿದ್ದರೆ ಸಿಕ್ಕಿದ ಜಾಗದಲ್ಲೇ ಬಿಡಿ. ಬೋನನ್ನು ಮಧ್ಯಾಹ್ನದವರೆಗೆ ಮರೆತರೆ ಅಷ್ಟು ಸಣ್ಣ ಪ್ರಾಣಿ ಚಳಿ, ಹಸಿವಿನಿಂದಲೇ ಸಾಯಬಹುದು. ಬಡಿದು ಕೊಲ್ಲುವ ಬೋನುಗಳಿಗೆ ಇಲಿ, ಆಂಟೆಕೈನಸ್ ಎಂಬ ಭೇದವಿಲ್ಲ.

ಹಿಡಿದು ದೂರದ ಕಾಡಿಗೆ ಬಿಡುವ ಯೋಚನೆ ಸದುದ್ದೇಶದ್ದಾದರೂ ಮಾಡಬೇಡಿ. ವಿಕ್ಟೋರಿಯಾದಲ್ಲಿ 1975ರ ವನ್ಯಜೀವಿ ಕಾಯಿದೆಯಡಿ ಇದು ರಕ್ಷಿತ ಪ್ರಾಣಿ. ಕಾನೂನು ಬದಿಗಿರಲಿ, ತನ್ನ ಪೊಟರೆಗಳೂ ಬೇಟೆಯ ದಾರಿಗಳೂ ಗೊತ್ತಿರುವ ಹೆಣ್ಣನ್ನು ಬೇರೆಯವುಗಳ ನೆಲೆಯಲ್ಲಿ ಬಿಟ್ಟರೆ ಅದು ಉಳಿಯುವುದು ಕಷ್ಟ. ಗೂಡಿನಲ್ಲಿ ಬಿಟ್ಟುಬಂದ ಮರಿಗಳಿದ್ದರೆ ಅವು ನಿಮ್ಮ ಛಾವಣಿಯಲ್ಲೇ ಸತ್ತು ನಾರುತ್ತವೆ. ಇದೇ ಕಾರಣಕ್ಕೆ ಈಗ ಕಿಂಡಿಗಳನ್ನು ಮುಚ್ಚಿಸಬೇಡಿ. ಜನವರಿ ಕಳೆದ ಮೇಲೆ, ಹೊರಗೆ ಹೋಗಲು ಮಾತ್ರ ಬರುವಂಥ ಬಾಗಿಲು ಕೂರಿಸಿ, ಓಡಾಟ ನಿಂತಿದ್ದನ್ನು ಖಚಿತಪಡಿಸಿಕೊಂಡು, ಒಂದು ಸೆಂಟಿಮೀಟರ್‌ಗಿಂತ ಸಣ್ಣ ಕಣ್ಣಿನ ಲೋಹದ ಜಾಲರಿಯಿಂದ ಮುಚ್ಚಿಸಬಹುದು. ಅದಕ್ಕೂ ಮೊದಲು ಹಿತ್ತಲ ಮರಕ್ಕೆ ಮೂರು ಸೆಂಟಿಮೀಟರ್ ಕಿಂಡಿಯ ಮರದ ಗೂಡೊಂದನ್ನು ಕಟ್ಟಿ, ಬಿದ್ದ ದಿಮ್ಮಿಗಳನ್ನೂ ತರಗೆಲೆಯನ್ನೂ ಒಂದು ಮೂಲೆಯಲ್ಲಿ ಹಾಗೇ ಬಿಟ್ಟರೆ, ಒಕ್ಕಲೆಬ್ಬಿಸಿದ್ದಕ್ಕೆ ಬದಲಿ ವ್ಯವಸ್ಥೆ ಆದಂತೆ. ಬೇಸಗೆಯ ಕಾಡ್ಗಿಚ್ಚಿನ ಭಯವಿರುವ ನಿಮ್ಮ ಕಡೆ ದಿಮ್ಮಿ, ತರಗೆಲೆಗಳು ಮನೆಗೋಡೆಯಿಂದ ದೂರವಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇಲಿಜ್ವರದ ಭಯ ಮಲೆನಾಡು, ಕರಾವಳಿಯವರಿಗೆ ಇರುವುದು ಸಹಜ. ಲೆಪ್ಟೋಸ್ಪೈರಾ ರೋಗಾಣು ಮನುಷ್ಯರಿಗೆ ಬರುವುದು ಮುಖ್ಯವಾಗಿ ಇಲಿ, ಹೆಗ್ಗಣ, ದನಕರುಗಳ ಮೂತ್ರದಿಂದ. ಆಂಟೆಕೈನಸ್ ಅದರ ಹೆಸರಾಂತ ವಾಹಕವಲ್ಲ. ಹಾಗಿದ್ದೂ ಶವ, ಹಿಕ್ಕೆ ಮುಟ್ಟುವಾಗ ಕೈಗವಸು ಹಾಕಿ, ಒಣಗಿದ ಹಿಕ್ಕೆಯನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಿ, ಸೋಪಿನಿಂದ ಕೈ ತೊಳೆಯಿರಿ. ಕಚ್ಚಿಸಿಕೊಂಡರೆ ಗಾಯ ತೊಳೆದು ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಹುಚ್ಚುನಾಯಿ ರೋಗ ಆಸ್ಟ್ರೇಲಿಯಾದ ನೆಲದ ಪ್ರಾಣಿಗಳಲ್ಲಿ ಇಲ್ಲ; ಅದರ ಹತ್ತಿರದ ವೈರಸ್ ಬಾವಲಿಗಳಲ್ಲಿ ಮಾತ್ರ ಇದೆ.

ಬೆಕ್ಕಿನ ಬಗ್ಗೆ ನೀವು ಒಂದೇ ವಾಕ್ಯ ಬರೆದಿದ್ದೀರಿ. ನನ್ನ ಮಟ್ಟಿಗೆ ಪಾಷಾಣದಷ್ಟೇ ದೊಡ್ಡ ವಿಷಯವದು. ರಾತ್ರಿ ಮಾತ್ರ ಕಟ್ಟಿಹಾಕಿದರೆ ಸಾಲದು, ಏಕೆಂದರೆ ಆಂಟೆಕೈನಸ್ ಹಗಲಲ್ಲೂ ಓಡಾಡುತ್ತದೆ, ಹಾಲೂಡುವ ತಾಯಂತೂ ಹೊಟ್ಟೆಪಾಡಿಗೆ ಹೊತ್ತುಗೊತ್ತಿಲ್ಲದೆ ಹೊರಡಬೇಕು. ಬೆಕ್ಕನ್ನು ಒಳಗೇ ಇರಿಸಿ, ಇಲ್ಲವೇ ಜಾಲರಿಯ ಅಂಗಳ ಮಾಡಿಸಿ. ಕುತ್ತಿಗೆಗೆ ಗಂಟೆ ಕಟ್ಟುವುದನ್ನು ನಾನು ಪರಿಹಾರವೆಂದು ಎಣಿಸುವುದಿಲ್ಲ. ಬೆಕ್ಕಿನಿಂದ ಹರಡುವ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಕೂಡ ಈ ದೇಶದ ಚೀಲಪ್ರಾಣಿಗಳಿಗೆ ಮಾರಕವಾಗಬಲ್ಲದು.

ಅಜೈಲ್ ಆಂಟೆಕೈನಸ್ ಈಗ ಅಳಿವಿನಂಚಿನಲ್ಲಿಲ್ಲ. 2009ರ ‘ಕಪ್ಪು ಶನಿವಾರ’ದ ಕಾಡ್ಗಿಚ್ಚಿನ ನಂತರ ವಿಕ್ಟೋರಿಯಾದ ಸುಟ್ಟ ಕಾಡುಗಳಲ್ಲಿ ಇವು ಹೊರಗಿನಿಂದ ವಲಸೆ ಬಂದು ತುಂಬಿಕೊಂಡದ್ದಕ್ಕಿಂತ, ಅಲ್ಲೇ ಅಳಿದುಳಿದವುಗಳಿಂದ ಚೇತರಿಸಿಕೊಂಡವು ಎಂದು ಅಧ್ಯಯನ ತೋರಿಸಿದೆ, ಗಟ್ಟಿ ಜೀವ ಎನ್ನಲು ಅಡ್ಡಿಯಿಲ್ಲ. ಆದರೆ ಇದರ ಬಂಧುಗಳ ಕಥೆ ಬೇರೆ. ಕ್ವೀನ್ಸ್‌ಲ್ಯಾಂಡ್‌ನಲ್ಲಿ 2013ರಲ್ಲಿ ಮೊದಲು ವಿವರಿಸಲಾದ ಬೆಳ್ಳಿತಲೆಯ ಆಂಟೆಕೈನಸ್ ಐದೇ ವರ್ಷಗಳಲ್ಲಿ ಅಪಾಯದಂಚಿನ ಪಟ್ಟಿ ಸೇರಿತು. ಬೆಕ್ಕಿನ ಗಾತ್ರದ ಈಸ್ಟರ್ನ್ ಕ್ವೋಲ್ ಒಂದು ಕಾಲಕ್ಕೆ ಆಗ್ನೇಯ ಆಸ್ಟ್ರೇಲಿಯಾದ ಹಿತ್ತಲುಗಳಲ್ಲಿ ಕೋಳಿ ಕದಿಯುವಷ್ಟು ಸಾಮಾನ್ಯವಾಗಿತ್ತು. ಮುಖ್ಯಭೂಮಿಯಲ್ಲಿ ಕೊನೆಯದು ಸಿಕ್ಕಿದ್ದು 1963ರಲ್ಲಿ, ಸಿಡ್ನಿಯ ವೋಕ್ಲೂಸ್ ಎಂಬ ಬಡಾವಣೆಯಲ್ಲಿ. ಟಾಸ್ಮೇನಿಯಾದಲ್ಲಿ ಉಳಿದವುಗಳಿಂದ ತಂದು ಈಗ ಬೇಲಿ ಹಾಕಿದ ಕೆಲವು ಕಾಪುಗಳಲ್ಲಿ ಬೆಳೆಸುತ್ತಿದ್ದಾರೆ. ಸಾಮಾನ್ಯ ಪ್ರಾಣಿಯನ್ನು ಸಾಮಾನ್ಯವಾಗಿರುವಾಗಲೇ ನೋಡಿಕೊಳ್ಳುವುದು ಅಗ್ಗ ಎಂಬುದು ನನ್ನ ಲೆಕ್ಕ. ನಿಮ್ಮ ಮಗಳು ಛಾವಣಿಯಲ್ಲಿ ಎಂದಾದರೂ ಬಾಟಲಿ ತೊಳೆಯುವ ಬ್ರಷ್ಷಿನಂಥ ಕಪ್ಪು ಬಾಲದ, ಇದಕ್ಕಿಂತ ಬಹಳ ದೊಡ್ಡದಾದ ಪ್ರಾಣಿಯನ್ನು ಕಂಡರೆ ಅದು ಫ್ಯಾಸ್ಕೋಗೇಲ್. ವಿಕ್ಟೋರಿಯಾದಲ್ಲಿ ಅಪಾಯಕ್ಕೊಳಗಾದದ್ದು, ಅದರ ಗಂಡುಗಳೂ ಹೀಗೆಯೇ ಸಾಯುತ್ತವೆ. ಅದರ ಚಿತ್ರ ತೆಗೆದು ರಾಜ್ಯದ ವನ್ಯಜೀವಿ ಇಲಾಖೆಗೆ ತಿಳಿಸಿದರೆ ಆ ಮಾಹಿತಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಇನ್ನು ಹಿತ್ತಲಲ್ಲಿ ಬಿದ್ದಿರುವ ಶವಗಳು. ಪೆಟ್ಟಿಗೆಗಳನ್ನು ಇನ್ನೂ ತೆರೆದಿರದಿದ್ದರೆ ಅವನ್ನು ಬೇಲಿಯಾಚೆ ಪೊದೆಯಡಿ ಬಿಡಬಹುದು. ಬೇರೆ ಪ್ರಾಣಿಗಳು ತಿನ್ನುತ್ತವೆ, ಬದುಕಿರುವ ಆಂಟೆಕೈನಸ್‌ಗಳೇ ಸತ್ತವನ್ನು ತಿಂದದ್ದೂ ದಾಖಲಾಗಿದೆ. ಪಾಷಾಣವನ್ನು ಒಂದೆರಡು ದಿನವಾದರೂ ತೆರೆದಿಟ್ಟಿದ್ದರೆ ಶವಗಳನ್ನು ಆಳವಾಗಿ ಹೂಳಿ. ಸತ್ತ ಹೆಣ್ಣು ಕಂಡರೆ ಹೊಟ್ಟೆಯಡಿ ನೋಡಿ. ಗೂಡಿನಿಂದ ಹೊರಬಿದ್ದ, ರೋಮ ಮೂಡಿದ ಮರಿಗಳಿದ್ದರೆ ಬೆಚ್ಚನೆಯ ಬಟ್ಟೆಯಲ್ಲಿ ಸುತ್ತಿ, ಏನನ್ನೂ ತಿನ್ನಿಸದೆ, ವನ್ಯಜೀವಿ ರಕ್ಷಕರಿಗೆ ಕರೆ ಮಾಡಿ. ಪಾಷಾಣದ ಪೆಟ್ಟಿಗೆಗಳನ್ನು ಕಸದ ಡಬ್ಬಕ್ಕೆ ಹಾಕಬೇಡಿ. ಒಡೆದಿರದಿದ್ದರೆ ಅಂಗಡಿಗೆ ಮರಳಿಸಿ, ಒಡೆದಿದ್ದರೆ ನಿಮ್ಮ ಸ್ಥಳೀಯ ಆಡಳಿತ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವ ದಿನಕ್ಕೆ ಎತ್ತಿಟ್ಟುಕೊಳ್ಳಿ.